ಬೋರಪ್ಪನಿಗೆ ವಯಸ್ಸಾದದ್ದು

ಕೋಮಲಾ ಕಾಫಿ ಲೋಟವನ್ನು ಹೊಗೆಸೊಪ್ಪಿನ ಬ್ಯಾರನ್ನಿನ ಒಲೆಯ ಪಕ್ಕದ ಕಲ್ಲಿನ ಮೇಲಿಟ್ಟು, ಕೈಬಳೆಗಳನ್ನು ಒಮ್ಮೆ ಸದ್ದು ಮಾಡಿಸಿ ಹಿಂದೆ ಸರಿದು ನಿಂತಳು. ಒಲೆಗೆ ಸೌದೆ ತುಂಬುತ್ತಿದ್ದ ಬೋರಪ್ಪ ತಿರುಗಿ ನೋಡದೆಯೇ, "ಇಟ್ಟೋಗವ್ವ, ಕುಡ್ಕತೀನಿ" ಎಂದ. ಅವಳು ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡು ಮನೆಯ ಕಡೆ ನಡೆದಳು. ಅವಳು ದೂರ ಹೋದದ್ದು ಖಾತ್ರಿಯಾದ ಮೇಲೆ ಅವನು ಕೋಲು ಊರಿಕೊಂಡು ಎದ್ದು ಲೋಟ ಎತ್ತಿಕೊಂಡ.

ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಇದು ಹೀಗೆಯೇ ನಡೆದುಬಂದಿತ್ತು. ಗಂಡನ ಅಣ್ಣನೆಂದರೆ ಮಾವನ ಸಮಾನ. ಅವನ ಎದುರು ಕೂರುವಂತಿಲ್ಲ, ಹೆಸರು ಹಿಡಿಯುವಂತಿಲ್ಲ, ಕೈಗೆ ಕೈ ತಾಗುವಂತೆ ಏನನ್ನೂ ಕೊಡುವಂತಿಲ್ಲ. ಅತ್ತೆ ಬೆಳ್ಳಮ್ಮ ಇದ್ದಷ್ಟು ದಿನ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಬೋರಪ್ಪನ ನೋವು, ಪಥ್ಯ, ಕಾಲು ಒತ್ತುವುದು, ಶಾಖ ಕೊಡುವುದು ಎಲ್ಲವೂ ಅವಳ ಪಾಲಿಗಿತ್ತು. ಸಾಯುವ ಮುಂಚೆ ಬೆಳ್ಳಮ್ಮ ಸೊಸೆಯ ಕೈ ಹಿಡಿದುಕೊಂಡು ಹೇಳಿದ್ದೂ ಅದನ್ನೇ. "ಅವುನ್ಗೆ ತಂಗ್ಳು ಆಕಬ್ಯಾಡ ಕಣವ್ವ. ನೀರು ಜಾಸ್ತಿ ಕೊಡಬ್ಯಾಡ, ಕೀಲಿಗೆ ನೀರು ಇಳೀತದೆ." ಕೋಮಲಾ ಆ ಮಾತನ್ನು ಮೀರಿದವಳಲ್ಲ. ಬೆಳಿಗ್ಗೆ ಒಂದು ಚೊಂಬು ನೀರು, ಸಂಜೆ ಒಂದು ಚೊಂಬು. ಬೆಂಕಿಯ ಮುಂದೆ ಕೂತು ಬೆವರುವ ಬೋರಪ್ಪನೂ ಅದಕ್ಕಿಂತ ಹೆಚ್ಚು ಕೇಳಿದವನಲ್ಲ. ಅವ್ವ ಹಾಕಿದ ಪಥ್ಯ. ಅವಳು ಹೋದ ಮೇಲಂತೂ ಅದು ಅವನಿಗೆ ಅವಳ ನೆನಪೇ ಆಗಿಹೋಗಿತ್ತು.

ಅರಕಲಗೂಡು ತಾಲ್ಲೂಕಿನ ಆ ಊರಿನಲ್ಲಿ ಹೊಗೆಸೊಪ್ಪು ಬೆಳೆಯುವವರಿಗೆಲ್ಲ ಒಂದೊಂದು ಬ್ಯಾರನ್ ಉಂಟು. ಎತ್ತರದ ಗೋಡೆಯ, ನಾಲ್ಕೂ ಕಡೆ ಮುಚ್ಚಿದ ಕೋಣೆ. ಹಸಿ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಒಳಗೆ ಸಾಲಾಗಿ ನೇತುಹಾಕಿ, ಹೊರಗಿನ ಒಲೆಯಿಂದ ಕಾವು ಬಿಡುತ್ತಾರೆ. ಸೊಪ್ಪು ಹಳದಿಯಾಗಿ ಒಣಗುವವರೆಗೆ, ವಾರ ಹತ್ತಿರವಾದರೂ ಸರಿಯೇ, ಬೆಂಕಿಯನ್ನು ಬಿಟ್ಟು ಏಳುವಂತಿಲ್ಲ. ಕಾವು ಹೆಚ್ಚಾದರೆ ಸೊಪ್ಪು ಸೀಯುತ್ತದೆ, ಇಳಿದರೆ ಕಪ್ಪಾಗುತ್ತದೆ. ಸುನೀಲ್‌ಕುಮಾರನ ಮನೆಯಲ್ಲಿ ಈ ಕೆಲಸ ಅವನ ಅಣ್ಣ ಬೋರಪ್ಪನದು. ಕುಂಟುವ ಸೊಂಟ, ಹಳದಿಗಣ್ಣು, ಕಣಕಾಲಿನ ಮೇಲೆ ಮಾಯದ ಹುಣ್ಣು ಹೊತ್ತುಕೊಂಡೂ ಅವನು ಕೂತಲ್ಲಿಂದಲೇ ಮಾಡಬಹುದಾದ ಕೆಲಸ ಅದೊಂದೇ. ಬೆಂಕಿಯ ಬಿಸಿಗೆ ಅವನ ಮೈಯೂ ಸ್ವಲ್ಪ ಸಡಿಲವಾಗುತ್ತಿತ್ತು.

ಬೋರಪ್ಪ ಹುಡುಗನಾಗಿದ್ದಾಗ ಕೈಬೆರಳುಗಳು ಊದಿಕೊಂಡು ಹಗಲೂ ರಾತ್ರಿ ಅಳುತ್ತಿದ್ದನಂತೆ. ತಂದೆ ಚಿಕ್ಕಯ್ಯ ಅವನನ್ನು ಬೆನ್ನ ಮೇಲೆ ಹೊತ್ತುಕೊಂಡು ಮೈಸೂರಿಗೆ ಹೋಗಿದ್ದ. ಅಲ್ಲಿಯ ಡಾಕ್ಟರು ರಕ್ತ ತೆಗೆದು ನೋಡಿ, ಇದು ಸಿಕಲ್ ಸೆಲ್ ಅನ್ನೋ ಕಾಯಿಲೆ, ಹುಟ್ಟುತ್ತಲೇ ಬಂದದ್ದು ಎಂದರು. ದುಂಡಗಿರಬೇಕಾದ ರಕ್ತದ ಕಣ ಕುಡುಗೋಲಿನ ಹಾಗೆ ಬಾಗಿಬಿಡುತ್ತದೆ, ಸಣ್ಣ ನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ರಕ್ತ ಹರಿಯದ ಕಡೆಯೆಲ್ಲ ನೋವು. ಔಷಧಿಯಿಲ್ಲ. ಇಪ್ಪತ್ತು ದಾಟುವುದು ಕಷ್ಟ.

ಆ ಮಾತು ಊರಿಗೆಲ್ಲ ತಿಳಿದಾಗ ಊರು ಕರಗಿತು. ಬೋರ ನರಳಿದರೆ ಅಕ್ಕಪಕ್ಕದವರು ಬಂದು ಕೂರುತ್ತಿದ್ದರು. ಆಲೆಮನೆಯಿಂದ ಬಿಸಿಬೆಲ್ಲ ಬರುತ್ತಿತ್ತು. ಶಾಲೆಯ ಮೇಷ್ಟ್ರು ತಾವೇ ಮನೆಗೆ ಬಂದು ಮಗ್ಗಿ ಹೇಳಿಕೊಟ್ಟು ಹೋಗುತ್ತಿದ್ದರು. ಹೇಗೂ ಉಳಿಯುವವನಲ್ಲ ಎಂದು ಅವನಿಗೆ ಮುಂದೆ ಓದಿಸಲಿಲ್ಲ, ಮದುವೆಯ ಮಾತು ಎತ್ತಲಿಲ್ಲ. ಅವನು ಮಾತ್ರ ಇಪ್ಪತ್ತು ದಾಟಿದ, ಮೂವತ್ತು ದಾಟಿದ. ಚಿಕ್ಕಯ್ಯ ತೀರಿಕೊಂಡ, ಬೆಳ್ಳಮ್ಮ ತೀರಿಕೊಂಡಳು. ಹೊಸ ಶತಮಾನವೂ ಬಂತು. ನಲವತ್ತಾರರ ಬೋರಪ್ಪ ತಲೆ ನರೆತು, ಹಲ್ಲು ಅಲುಗಾಡುತ್ತ, ಬ್ಯಾರನ್ ಮುಂದೆ ಕೂತೇ ಇದ್ದ. ಸಾಯಲಿರುವ ಹುಡುಗನ ಮೇಲೆ ಊರಿಗಿದ್ದ ಕರುಣೆ ಸಾಯದೆ ಉಳಿದ ಗಂಡಸಿನ ಮೇಲೆ ಉಳಿಯಲಿಲ್ಲ.

"ನಾನು ಸಾಯೋದು ಲೇಟಾಯ್ತು ಕಣ್ಲಾ ಸುನೀಲ, ಅದ್ಕೆ ಜನಕ್ಕೆ ಬ್ಯಾಸ್ರ" ಎಂದು ಅವನೇ ತಮ್ಮನ ಹತ್ತಿರ ನಗಾಡುತ್ತಿದ್ದ.

ಊರಿನವರು ಇನ್ನೂ ಒಂದನ್ನು ಕಂಡುಕೊಂಡಿದ್ದರು. ಬೋರಪ್ಪನ ನೋವು ಬರುವುದು ನಾಟಿಯ ಕಾಲಕ್ಕೆ, ಸೋನೆ ಹಿಡಿದಾಗ, ಮಂಜು ಬೀಳುವ ಕುಯಿಲಿನ ದಿನಗಳಲ್ಲಿ. ಅಂದರೆ ಕೈತುಂಬ ಕೆಲಸವಿದ್ದಾಗ. ಬ್ಯಾರನ್ ಮುಂದೆ ಕೂತಾಗ ಬರುವುದು ಅಪರೂಪ. ಹಾಗಾದರೆ ಇದೆಂಥ ನೋವು? ಆ ದಿನಗಳಿಗೆಲ್ಲ ಕೆಲಸದ ಜೊತೆಗೆ ತಣ್ಣೀರು, ತಣ್ಣನೆಯ ಗಾಳಿಯೂ ಇದ್ದವೆಂಬುದು ಯಾರಿಗೂ ಹೊಳೆದಿರಲಿಲ್ಲ. ಕೋಮಲಾಗೂ ಹೊಳೆದಿರಲಿಲ್ಲ.

ಆ ಸಲದ ನಾಟಿಗೆ ಆಳು ಸಾಲದಾಗಿತ್ತು. ಮಧ್ಯಾಹ್ನದ ಊಟದ ಕುಕ್ಕೆ ಇಳಿಸಿ ಕೋಮಲಾ ತಾನೂ ಗದ್ದೆಗಿಳಿಯಲು ಸೀರೆ ಎತ್ತಿ ಕಟ್ಟುತ್ತಿದ್ದಳು. ನಾಟಿಯ ಸಾಲಿನಲ್ಲಿ ಬಗ್ಗಿದ್ದ ಪಕ್ಕದ ಮನೆಯ ಲಕ್ಷ್ಮಿದೇವಮ್ಮ ತಲೆಯೆತ್ತಿದಳು.

"ಏನವ್ವ ಕ್ವಾಮಲಾ, ನಿಮ್ ಭಾವೋರು ಬರ್ನಿಲ್ವಾ ಗದ್ದೆಗೆ?"

ಬದುವಿನ ಮೇಲೆ ಬೀಡಿ ಹಚ್ಚುತ್ತಿದ್ದ ಪಕ್ಕದ ಗದ್ದೆಯ ರುದ್ರಯ್ಯ ತಾನೇ ಉತ್ತರ ಕೊಟ್ಟ. "ಅವ್ನೆಲ್ಲಿ ಬಂದಾನು ಲಕ್ಷ್ಮಿದೇವಕ್ಕ? ನೀರು ಕಂಡ್ರೆ ಅವುನ್ಗೆ ಕಾಲು ನೋಯ್ತದೆ, ಬೆಂಕಿ ಕಂಡ್ರೆ ವಾಸಿಯಾಯ್ತದೆ. ಅಂತಾ ಕಾಯ್ಲೆ ನಂಗೂ ಬರ್ಲಿ ಅಂತ ಅರಕೆ ಒತ್ಕಂಡಿವ್ನಿ."

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಲಕ್ಷ್ಮಿದೇವಮ್ಮ ನಗಲಿಲ್ಲ. ಅವಳ ಗಂಡ ಒಂದು ದಿನ ಮಲಗಿದವನಲ್ಲ, ಹಿಂದಿನ ವರ್ಷ ಎದೆ ಹಿಡಿದುಕೊಂಡು ಕುಸಿದವನು ಮೇಲೇಳಲಿಲ್ಲ. "ಇಪ್ಪತ್ತಕ್ಕೇ ಓಯ್ತಾನೆ ಅಂದಿದ್ರಂತೆ" ಎಂದಳು ಪೈರಿನ ಕಂತೆ ಬಿಚ್ಚುತ್ತ. "ನೋಡುದ್ರೆ ಕಲ್ಲಂಗಿದ್ದ ನಮ್ಮ ಯಜಮಾನ್ರು ಓದ್ರು. ಅವ್ನು ಅವ್ನೆ."

ಕೋಮಲಾಗೆ ಬೆಳಗಿನ ಜಾವದಿಂದ ಸೊಂಟ ನೆಟ್ಟಗಾಗಿರಲಿಲ್ಲ. ಬಾಯಿಗೆ ಬಂದದ್ದು ಬಂದುಬಿಟ್ಟಿತು. "ನಂಗೇನು ಗೊತ್ತಕ್ಕ? ಬ್ಯಾರನ್ ಮುಂದೆ ಬರ್ದಿರೋ ನೋವು ಗದ್ದೆಗಿಳುದ್ರೆ ಮಾತ್ರ ಎಲ್ಲಿಂದ ಬತ್ತದೋ. ಈ ಮನೇಲಿ ದುಡಿಯೋ ಗಂಡಸು ಒಬ್ರೇ ಅಂತ ತಿಳ್ಕಂಡು ನಾನೂ ಇಳ್ದಿವ್ನಿ."

ಹಾಗೆಂದು ತಿರುಗಿದರೆ ಬದುವಿನ ಮೇಲೆ ಬೋರಪ್ಪ ನಿಂತಿದ್ದ. ನಾಟಿಯವರು ಎಲೆಅಡಿಕೆ ಮರೆತು ಬಂದದ್ದನ್ನು ನೋಡಿ ಅವನೇ ಕುಂಟಿಕೊಂಡು ತಂದಿದ್ದ. ಎಲೆಯ ಪೊಟ್ಟಣವನ್ನು ಕುಕ್ಕೆಯ ಪಕ್ಕದಲ್ಲಿಟ್ಟು, ಬಿಸಿಲು ತಾಗದಂತೆ ಅದರ ಮೇಲೊಂದು ಮುತ್ತುಗದೆಲೆ ಮುಚ್ಚಿ, ಬಂದ ದಾರಿಯಲ್ಲೇ ಹೋದ.

ಮರುದಿನ ಸೂರ್ಯ ಹುಟ್ಟುವಷ್ಟರಲ್ಲಿ ಅವನು ಮೊಣಕಾಲವರೆಗಿನ ನೀರಿನಲ್ಲಿ ನಿಂತು ಪೈರು ಕೀಳುತ್ತಿದ್ದ. ಸುನೀಲ್‌ಕುಮಾರ ಓಡಿಬಂದು ಬದುವಿನ ಮೇಲಿಂದ ಕೂಗಿದ.

"ಅಣ್ಣಾ, ಮ್ಯಾಕೆ ಬಾ! ಯಾರು ನಿಂಗೆ ಇಳಿ ಅಂದೋರು?"

"ಸುಮ್ನಿರ್ಲಾ. ನಾನೇನು ಉಪ್ಪಾ, ಬೆಲ್ವಾ, ನೀರಲ್ಲಿ ನಿಂತ್ರೆ ಕರಗೋಗಕ್ಕೆ?"

"ನೋಡ್ದಾ! ಮನ್ಸು ಮಾಡುದ್ರೆ ಕೈಲಾಯ್ತದೆ" ಎಂದು ರುದ್ರಯ್ಯ ಆಚೆ ಗದ್ದೆಯಿಂದ ಹೇಳಿದ. ಕೋಮಲಾಗೂ ಒಳಗೊಳಗೇ ಸಮಾಧಾನವಾಗಿತ್ತು. ಆಡಿದ್ದು ತಪ್ಪಾದರೂ ಆದದ್ದು ಒಳ್ಳೆಯದೇ ಆಯಿತಲ್ಲ ಎಂದುಕೊಂಡಳು. ಅವನು ಊಟದ ಹೊತ್ತಿನವರೆಗೆ ನೀರಿನಿಂದ ಮೇಲೆ ಬರಲಿಲ್ಲ. ಆಮೇಲೆ ಬಂದಾಗ ತುಟಿ ನೀಲಿಯಾಗಿತ್ತು.

ನೋವು ಸಂಜೆಗೇ ಶುರುವಾಯಿತು. ಬೆಳಗಾಗುವಷ್ಟರಲ್ಲಿ ಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ಬೆನ್ನಿಗೆ ಹತ್ತಿತ್ತು. ಬೋರಪ್ಪ ಕೂಗುವವನಲ್ಲ. ಟವೆಲನ್ನು ಬಾಯಿಗೆ ತುರುಕಿಕೊಂಡು ಕಚ್ಚುತ್ತಿದ್ದ. ನಡುಮನೆಯಲ್ಲಿ ನಿಂತ ಕೋಮಲಾಗೆ ಆ ಮೂಗಿನ ಉಸಿರು, ಚಾಪೆಯ ಮೇಲೆ ಹಿಮ್ಮಡಿ ತಿಕ್ಕುವ ಸದ್ದು ಕೇಳುತ್ತಿದ್ದವು.

ಬ್ಯಾರನ್ನಿಗೆ ಸೊಪ್ಪು ತುಂಬಿ ಬೆಂಕಿ ಹಾಕಿಯಾಗಿತ್ತು. ಈಗ ಅದರ ಮುಂದೆ ಸುನೀಲ್‌ಕುಮಾರ ಕೂರಬೇಕಾಯಿತು. ಅಣ್ಣನಷ್ಟು ಅವನಿಗೆ ಬೆಂಕಿಯ ಹದ ತಿಳಿಯದು. ಹೈಸ್ಕೂಲು ಓದುವ ಮಗಳು ಹೊಳೆನರಸೀಪುರದ ಹಾಸ್ಟೆಲಿನಲ್ಲಿದ್ದಳು. ಮನೆಯಲ್ಲಿ ಉಳಿದವಳು ಕೋಮಲಾ ಒಬ್ಬಳೇ.

ಅವಳು ಮರಳು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಬೋರಪ್ಪನ ಕೋಣೆಯ ಹೊಸಲಿನ ಮೇಲಿಟ್ಟಳು. ಬಳೆ ಸದ್ದು ಮಾಡಿದಳು. ಯಾರು ಬಂದು ಎತ್ತಿಕೊಳ್ಳಬೇಕು? ಒಳಗಿನವನು ತಲೆ ಹೊರಳಿಸಿ ಗಂಟಿನ ಕಡೆ ನೋಡಿದ, ಕೈ ಚಾಚಿದ, ಕೈ ಅರ್ಧಕ್ಕೇ ಬಿತ್ತು. ಅವಳು ಹೊಸಲ ಈಚೆಗೆ ನಿಂತೇ ಇದ್ದಳು. ಅಷ್ಟು ದೂರವೇನಲ್ಲ, ಬಗ್ಗಿದರೆ ಮುಟ್ಟಬಹುದು. ಮುಟ್ಟಲು ಆಗಲಿಲ್ಲ. ಓಡಿಹೋಗಿ ಗಂಡನನ್ನು ಕರೆದಳು. ಅವನು ಬಂದು ಅಣ್ಣನ ಸೊಂಟಕ್ಕೆ ಶಾಖ ಇಡುವಷ್ಟರಲ್ಲಿ ಗಂಟು ಆರಿತ್ತು. ಅವನು ಬ್ಯಾರನ್ನಿಗೆ ಮರಳುವಷ್ಟರಲ್ಲಿ ಬೆಂಕಿ ಇಳಿದಿತ್ತು. ಬೆಳಗಿನಿಂದ ಸಂಜೆಯವರೆಗೆ ಮೂವರೂ ಹೀಗೆಯೇ ಸೋತರು.

ಪಕ್ಕದೂರಿನಲ್ಲಿ ಕ್ಲಿನಿಕ್ಕು ಇಟ್ಟಿದ್ದ ಡಾಕ್ಟರೊಬ್ಬರನ್ನು ಸುನೀಲ್‌ಕುಮಾರ ಸೈಕಲ್ ಕಳಿಸಿ ಕರೆಸಿದ. ಅವರು ಒಂದು ಇಂಜೆಕ್ಷನ್ ಚುಚ್ಚಿ, ಚೀಲ ಮುಚ್ಚುತ್ತ ಹೊರಗೆ ಬಂದರು. "ನೋಡು ಸುನೀಲ, ಇವನಿಗೆ ಇಂಜೆಕ್ಷನ್ ರುಚಿ ಹತ್ತಿದೆ. ಹೋದ ಸಲಾನೂ ಇದೇ ಕತೆ. ಚಟ ಮಾಡಿಸಬೇಡಿ. ನನ್ನನ್ನ ಇನ್ನು ಕರೀಬೇಡಿ."

"ಚಟ ಅಂತ್ಲಾ ಡಾಕ್ಟ್ರು?" ಎಂದು ಒಳಗಿನಿಂದ ಬೋರಪ್ಪ ಕೇಳಿದ. ಟವೆಲು ತೆಗೆದು ಅಷ್ಟನ್ನು ಕೇಳಲು ಅವನಿಗೆ ಬಹಳ ಹೊತ್ತು ಹಿಡಿಯಿತು. "ಬೀಡೀನೂ ಸೇದ್ದೋನಲ್ಲ ಕಣ್ಲಾ ನಾನು."

ಮರುದಿನ ಮಧ್ಯಾಹ್ನಕ್ಕೆ ಜ್ವರ ಏರಿತು. ಉಸಿರು ಗಟ್ಟಿಯಾಗಿ ಸೆಳೆಯತೊಡಗಿತು, ಪಕ್ಕೆಯ ಮೂಳೆಗಳು ಒಳಕ್ಕೆ ಹೋಗಿ ಬರುತ್ತಿದ್ದವು. ಕೋಮಲಾ ಬ್ಯಾರನ್ ಹತ್ತಿರ ಹೋಗಿ ನಿಂತಳು.

"ಆಸನದ ದೊಡ್ಡಾಸ್ಪತ್ರೆಗೆ ಕರ್ಕೊಂಡೋಗ್ಬೇಕು. ಇವತ್ತು ಬಿಟ್ರೆ ಉಳಿಯಲ್ಲ."

ಸುನೀಲ್‌ಕುಮಾರ ಒಲೆಯ ಬಾಯನ್ನೂ ಮನೆಯ ಬಾಗಿಲನ್ನೂ ನೋಡಿದ. ಅವನ ಕಣ್ಣುಗಳು ಹೊಗೆಯಿಂದ ಕೆಂಪಾಗಿದ್ದವೋ ಅತ್ತು ಕೆಂಪಾಗಿದ್ದವೋ ತಿಳಿಯಲಿಲ್ಲ. "ನಾನೋದ್ರೆ ಸೊಪ್ಪು ಕಪ್ಪಾಯ್ತದೆ. ವರ್ಸದ ಅನ್ನ ಕಣೇ. ನೀನೋಗು."

"ನಾನಾ? ಭಾವೋರ ಜೊತೇಲಿ?"

"ಇನ್ಯಾರವ್ರೆ?"

ಅವನೇ ಅಣ್ಣನನ್ನು ಎತ್ತಿಕೊಂಡು ರಸ್ತೆಗೆ ತಂದ. ಬಸ್ಸು ಬಂದಾಗ ಕಂಡಕ್ಟರು ಒಮ್ಮೆ ಒಳಗೆ ಇಣುಕಿ ನೋಡಿ, ಮುಂದಿನ ಉದ್ದ ಸೀಟಿನಲ್ಲಿದ್ದವರನ್ನು ಎಬ್ಬಿಸಿದ. "ಏಳಿ ಸ್ವಾಮಿ, ಏಳಿ. ನಿಂತ್ಕಂಡ್ರೆ ನಿಮ್ ಕಾಲೇನು ಸವೆಯಲ್ಲ." ಬೋರಪ್ಪನನ್ನು ಮಲಗಿಸಿದರು. ಕೋಮಲಾ ಪಕ್ಕದ ಕಂಬಿ ಹಿಡಿದು ನಿಂತಳು. ಅವನ ತಲೆಯ ಹತ್ತಿರ ಒಂದು ಮಗ್ಗುಲು ಜಾಗ ಖಾಲಿಯಿತ್ತು. ಅಲ್ಲಿ ತನ್ನ ಕೈಚೀಲ ಇಟ್ಟಳು. ಬಸ್ಸಿನಲ್ಲಿ ಊರಿನವರು ಇನ್ನೂ ಇದ್ದರು.

ಗೊರೂರಿನಲ್ಲಿ ಇಬ್ಬರು ಕಾಲೇಜು ಹುಡುಗಿಯರು ಹತ್ತಿದರು. ಶೆಟ್ಟಿಹಳ್ಳಿಯ ಹಾಳು ಇಗರ್ಜಿ ನೋಡಿಕೊಂಡು ಬರುತ್ತಿದ್ದರು, ಚಪ್ಪಲಿಯ ತುಂಬ ಹಿನ್ನೀರಿನ ಕೆಸರು. ಬೋರಪ್ಪನ ಒಣಗಿ ಬಿರಿದ ತುಟಿ ನೋಡಿ ಒಬ್ಬಳು ತನ್ನ ಬಾಟಲಿ ಮುಂದೆ ಹಿಡಿದಳು. "ಆಂಟಿ, ನೀರು ಕೊಡಿ ಅವರಿಗೆ."

ಬೋರಪ್ಪನ ಕಣ್ಣು ಬಾಟಲಿಯ ಮೇಲೆ ನಿಂತಿತು.

"ಬ್ಯಾಡ ಕಣವ್ವ" ಎಂದಳು ಕೋಮಲಾ. "ಪಥ್ಯ ಐತೆ."

ಹಾಸನದ ಆಸ್ಪತ್ರೆಯ ಡಾಕ್ಟರು ಗೌರೀಶಂಕರ, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಕೂರುವ, ಐವತ್ತರ ಆಸುಪಾಸಿನ ಮನುಷ್ಯ. ಎದೆಯ ಫೋಟೋ ತೆಗೆಸಿ, ಮೂಗಿಗೆ ಆಮ್ಲಜನಕದ ನಳಿಗೆ ಹಾಕಿಸಿ, ಕೈಗೆ ಡ್ರಿಪ್ ಏರಿಸಿದ ಮೇಲೆ ಅವರು ವರಾಂಡದಲ್ಲಿ ಕೋಮಲಾಳನ್ನು ಕೂರಿಸಿಕೊಂಡು ಒಂದೊಂದಾಗಿ ವಿಚಾರಿಸಿದರು. ಎಷ್ಟು ವರ್ಷದಿಂದ, ಯಾವಾಗ ಹೆಚ್ಚು, ಈ ಸಲ ಏನಾಯಿತು.

"ನಾಟಿ ಗದ್ದೇಲಿ ನಿಂತಿದ್ರು ಸಾ. ಪೈರು ಕೀಳಕ್ಕೆ."

"ತಣ್ಣೀರಲ್ಲಾ? ಇವರಿಗೆ ಅದೇ ಆಗೋದಿಲ್ಲಮ್ಮ. ಚಳಿ, ತಣ್ಣೀರು, ಮೈಮುರಿಯೋ ಕೆಲಸ, ಇವೆಲ್ಲ ನೋವನ್ನ ಎಬ್ಬಿಸಿಬಿಡ್ತವೆ. ನೀರು ಎಷ್ಟು ಕುಡೀತಾರೆ ದಿನಕ್ಕೆ?"

ಕೋಮಲಾ ಹೆಮ್ಮೆಯಿಂದಲ್ಲದಿದ್ದರೂ ಒಂದು ನೆಮ್ಮದಿಯಿಂದ ಹೇಳಿದಳು. "ಜಾಸ್ತಿ ಕೊಡಲ್ಲ ಸಾ. ಒತ್ತಿಗೊಂದು ಚೊಂಬು, ಅಷ್ಟೇಯ. ನಮ್ಮತ್ತೆ ಮಾಡಿದ್ ಪಥ್ಯ. ಒಂದಿನಾನೂ ತಪ್ಸಿಲ್ಲ."

ಡಾಕ್ಟರು ಕನ್ನಡಕ ಕೆಳಗಿಳಿಸಿ ಮತ್ತೆ ಮೇಲೇರಿಸಿದರು. ಬೈಯಬಹುದಿತ್ತು, ಬೈಯಲಿಲ್ಲ. "ಪ್ರೀತಿಯಿಂದಲೇ ಮಾಡಿದ್ದಾರೆ, ತಿಳೀತು" ಎಂದರು. "ಆದರೆ ಇವರಿಗೆ ನೀರು ಬೇಕು ಕಣಮ್ಮ. ಕೇಳಿದಾಗೆಲ್ಲ ಕೊಡಬೇಕು, ಕೇಳದೆ ಇದ್ದಾಗಲೂ ಕೊಡಬೇಕು. ರಕ್ತ ತೆಳ್ಳಗಿದ್ದರೆ ಹರಿಯುತ್ತೆ. ಅದರಲ್ಲೂ ಬೆಂಕಿ ಮುಂದೆ ಕೂರೋರು."

ಬಸ್ಸಿನಲ್ಲಿ ಬಾಟಲಿಯ ಮೇಲೆ ನಿಂತಿದ್ದ ಆ ಕಣ್ಣು ಕೋಮಲಾಳ ಮುಂದೆ ಬಂತು. ಅವಳು ಕೇಳಿದಳು. "ಇನ್ನು ವಾಸಿಯಾಯ್ತದಾ ಸಾ?"

"ಎದೆದು ಇಳೀಬಹುದು, ನೋಡೋಣ. ಸೊಂಟದ ಮೂಳೆ ರಕ್ತ ಸಿಗದೆ ಸತ್ತುಹೋಗಿದೆ, ಅದು ಸರಿಯಾಗಲ್ಲ. ನೋವು ಮತ್ತೆ ಬರುತ್ತೆ. ಇಷ್ಟು ನೋವಿಗೆ ಕೊಡಬೇಕಾದ ಔಷಧಿ ಈ ಕಡೆ ಸಿಗೋದಿಲ್ಲ. ಇರೋದನ್ನ ಕೊಡ್ತಾ ಇದೀನಿ. ಅದು ಸಾಲದು ಅಂತ ನನಗೂ ಗೊತ್ತು." ಅವರು ಎದ್ದು ನಿಂತು, ಹೋಗುವ ಮುಂಚೆ ಅರ್ಧ ತಮಗೇ ಎಂಬಂತೆ ಹೇಳಿದರು. "ನಾವು ಓದಿದ್ದೆಲ್ಲ ಮಕ್ಕಳ ವಿಷಯವೇ. ಇವರು ಐವತ್ತಾದರೆ, ಅರವತ್ತಾದರೆ ಹೇಗೆ ನೋಡ್ಕೋಬೇಕು ಅಂತ ನಮಗೆ ಯಾರೂ ಹೇಳಿಕೊಡಲಿಲ್ಲ. ಇವರಿಗೂ ವಯಸ್ಸಾಗುತ್ತೆ ಅಂತ ಯಾರೂ ಅಂದ್ಕೊಂಡೇ ಇರಲಿಲ್ಲ."

ಗಂಡಸರ ವಾರ್ಡಿನಲ್ಲಿ ಚನ್ನರಾಯಪಟ್ಟಣದ ಕಡೆಯ ಒಬ್ಬ ನರ್ಸಮ್ಮ ಇದ್ದರು. "ಗಂಟೆಗೊಂದು ಸಲ ಮಗ್ಗುಲು ಬದಲಾಯಿಸಿ, ಬಿಸಿ ಟವೆಲಿಂದ ಕಾಲು ಒತ್ತುತಾ ಇರಿ" ಎಂದು ಬಿಸಿನೀರಿನ ಬೋಗುಣಿ ತಂದಿಟ್ಟರು. ಕೋಮಲಾ ಮಂಚದಿಂದ ದೂರ, ಗೋಡೆಗೆ ಒರಗಿ ನಿಂತೇ ಇದ್ದಳು.

"ಏನಾಗ್ಬೇಕಮ್ಮ ಇವರು?"

"ಭಾವೋರು. ನಮ್ ಯಜಮಾನ್ರ ಅಣ್ಣ."

ನರ್ಸಮ್ಮನಿಗೆ ಅರ್ಥವಾಯಿತು. ಅವರ ಸೀಮೆಯಲ್ಲೂ ಹಾಗೆಯೇ ಇದ್ದಿರಬೇಕು. ಉಪದೇಶ ಮಾಡಲಿಲ್ಲ, ನಗಲೂ ಇಲ್ಲ. ಮೂಲೆಯಲ್ಲಿದ್ದ ಹಸಿರು ಬಟ್ಟೆಯ ಪರದೆಯನ್ನು ಚಕ್ರದ ಮೇಲೆ ಎಳೆದುತಂದು ಮಂಚದ ಸುತ್ತ ನಿಲ್ಲಿಸಿ, "ಈಗ ಯಾರಿಗೂ ಕಾಣಲ್ಲ" ಎಂದು ಹೇಳಿ ಹೊರಟುಹೋದರು.

ಪರದೆಯೊಳಗೆ ಕೋಮಲಾ, ಬೋರಪ್ಪ ಇಬ್ಬರೇ. ಅವಳು ಟವೆಲನ್ನು ಬಿಸಿನೀರಿಗೆ ಅದ್ದಿ ಹಿಂಡಿದಳು. ಕಾಲಿನ ಮೇಲಿಟ್ಟಳು. ಕಾಲು ಮಗುವಿನದರ ಹಾಗೆ ಸಣ್ಣದಾಗಿತ್ತು, ಬರೀ ಮೂಳೆ. ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದೂ ಅವಳಿಗೆ ಅದು ಗೊತ್ತಿರಲಿಲ್ಲ. ಬೋರಪ್ಪ ಕಣ್ಣು ಬಿಟ್ಟು ನೋಡಿ, ನಾಚಿಕೆಯಿಂದ ಕಾಲನ್ನು ಎಳೆದುಕೊಳ್ಳಲು ಹೋದ. ಆಗಲಿಲ್ಲ.

"ಬ್ಯಾಡ ಕಣವ್ವ. ನೀನ್ಯಾಕೆ."

"ಸುಮ್ಕಿರಿ ಭಾವೋರೆ. ಡಾಕ್ಟ್ರು ಏಳವ್ರೆ."

ಅವಳು ಲೋಟದಲ್ಲಿ ಉಗುರುಬೆಚ್ಚನೆಯ ನೀರು ತಂದು ತುಟಿಗೆ ಹಿಡಿದಾಗ ಹುಬ್ಬು ಗಂಟಿಕ್ಕಿದ. "ನೀರಾ? ಅವ್ವ ಬ್ಯಾಡ ಅಂದಿದ್ಲಲ್ಲ. ಕೀಲಿಗೆ ಇಳೀತದೆ ಅಂತ."

ಕೋಮಲಾಳ ಬಾಯಿಗೆ ಡಾಕ್ಟರ ಮಾತೆಲ್ಲ ಬಂದಿತ್ತು. ತಾಯಿ ಒಂದು ಆಯುಷ್ಯ ಅಳೆದು ಕೊಟ್ಟ ಚೊಂಬುಗಳು, ತಾನು ಅಳೆದು ಕೊಟ್ಟವು, ಎಲ್ಲ. ಅವನ ಮುಖ ನೋಡಿ ನುಂಗಿಕೊಂಡಳು.

"ಇದು ಒಸಾ ಔಸ್ದಿ ಭಾವೋರೆ. ಇದುಕ್ಕೆ ನೀರು ಜಾಸ್ತಿ ಬೇಕಂತೆ. ಆಗಿನ್ ಔಸ್ದಿಗೆ ಅತ್ತೆ ಮಾಡಿದ್ದೇ ಸರಿ."

"ಅಂಗಾ" ಎಂದ ಬೋರಪ್ಪ. ಮುಖ ಸಡಿಲವಾಯಿತು. ಕುಡಿದ. ಮತ್ತೆ ಕುಡಿದ. ಲೋಟ ಖಾಲಿಯಾದ ಮೇಲೂ ತುಟಿ ಲೋಟದ ಅಂಚನ್ನು ಬಿಡಲಿಲ್ಲ.

ಅವಳಿಗೆ ತಡೆಯಲಾಗಲಿಲ್ಲ. ಕಾಲಿನ ಕಡೆ ನೋಡುತ್ತಲೇ ಹೇಳಿದಳು. "ಅವತ್ತು ಗದ್ದೇಲಿ ನಾನು ಅಂಗಂದಿದ್ದು..."

"ಏನಂದೆ?" ಎಂದ ಬೋರಪ್ಪ. ಉಸಿರಿಗೆ ಕಾದು, ಒಂದೊಂದೇ ಮಾತು ಹೇಳಿದ. "ನಂಗೇನೂ ಕೇಳ್ನಿಲ್ಲ ಕಣವ್ವ. ಕಿವಿ ಮಂದ ಆಗದೆ. ವಯಸ್ಸಾಯ್ತಲ್ಲ."

ಅವನ ಕಿವಿ ಎಷ್ಟು ಚುರುಕೆಂಬುದು ಅವಳಿಗೆ ಗೊತ್ತಿತ್ತು. ಅಂಗಳದಾಚೆಯಿಂದ ಬಳೆಯ ಸದ್ದು ಕೇಳಿಸಿಕೊಳ್ಳುವ ಕಿವಿ. ಅವಳು ಟವೆಲನ್ನು ಮತ್ತೆ ಬಿಸಿನೀರಿಗೆ ಅದ್ದಿದಳು.

ಮರುದಿನ ಬೆಳಿಗ್ಗೆ ಪಕ್ಕದ ಸಾಲಿಗೆ ಲಾರಿ ಉರುಳಿ ಗಾಯವಾದವನೊಬ್ಬ ಬಂದ. ನರ್ಸಮ್ಮ ಪರದೆಯನ್ನು ಅತ್ತ ಎಳೆದುಕೊಂಡು ಹೋಗಬೇಕಾಯಿತು. "ಬೇರೆ ಇಲ್ಲಮ್ಮ, ಏನ್ಮಾಡ್ಲಿ" ಎಂದು ಕೋಮಲಾಳ ಹೆಗಲು ಮುಟ್ಟಿ ಹೋದರು. ವಾರ್ಡು ಪೂರ್ತಿ ಕಾಣುವಂತಾಯಿತು. ರೋಗಿಗಳು, ಅವರ ಕಡೆಯವರು, ಕಿಟಕಿಯ ಹೊರಗೆ ಹಣ್ಣಿನ ಗಾಡಿಯವರು. ಔಷಧಿಯ ಬಲ ಇಳಿಯುತ್ತಿತ್ತು. ಬೋರಪ್ಪ ಟವೆಲಿಗಾಗಿ ತಡಕಾಡಿದ. ಕೋಮಲಾ ನಿಂತು ಒತ್ತಿ ಒತ್ತಿ ಬೆನ್ನು ಸೋತು, ಮಂಚದ ತುದಿಯಲ್ಲಿ ಕೂತು ಅವನ ಕಾಲುಗಳನ್ನು ತೊಡೆಯ ಮೇಲಿಟ್ಟುಕೊಂಡಳು.

ಆ ಹೊತ್ತಿಗೆ ಬಾಗಿಲಲ್ಲಿ ಲಕ್ಷ್ಮಿದೇವಮ್ಮ ಕಾಣಿಸಿಕೊಂಡಳು. ಕೈಯಲ್ಲಿ ಬುತ್ತಿಯ ಗಂಟು. ಮೊದಲ ಬಸ್ಸಿಗೆ ಬಂದಿದ್ದಳು. ಮಂಚಗಳ ನಡುವೆ ಹುಡುಕುತ್ತ ಬಂದವಳು ಇವರನ್ನು ಕಂಡು ಅಲ್ಲೇ ನಿಂತುಬಿಟ್ಟಳು.

ಕೋಮಲಾ ತಲೆಯೆತ್ತಿ ಅವಳನ್ನು ಕಂಡಳು. ಸಂಜೆಯ ಬಸ್ಸಿಗೆ ಲಕ್ಷ್ಮಿದೇವಮ್ಮ ಊರು ಮುಟ್ಟುತ್ತಾಳೆ, ನಾಳೆ ನಾಟಿಯ ಸಾಲಿನಲ್ಲಿ ಇದೇ ಮಾತಾಗುತ್ತದೆ. ಏಳಬಹುದಿತ್ತು. ಎದ್ದರೆ ಕಾಲು ಕೆಳಗಿಡಬೇಕು, ಕೆಳಗಿಟ್ಟರೆ ಸೊಂಟ ಎಳೆಯುತ್ತದೆ. ಸೆರಗು ತಲೆಯಿಂದ ಜಾರಿತ್ತು. ಅದನ್ನು ಎತ್ತಿ ಹಾಕಿಕೊಳ್ಳಲು ಕೈ ಬಿಡುವಿರಲಿಲ್ಲ.

ಅವಳು ಏಳಲಿಲ್ಲ.

"ಬ್ಯಾರನ್?" ಎಂದು ಕೇಳಿದಳು.

"ರುದ್ರಯ್ಯ ಕೂತವ್ನೆ, ಬೆಳಗಾನಾ ನಾನೇ ಕೂರ್ತೀನಿ ಅಂತ. ಒಂದು ಸಾಲು ಸೊಪ್ಪು ಓಯ್ತು. ಮಿಕ್ಕಿದ್ದು ನಿಂತದೆ. ಸುನೀಲ ನಾಳೆ ಬತ್ತಾನೆ." ಲಕ್ಷ್ಮಿದೇವಮ್ಮನ ಕಣ್ಣು ಬೋರಪ್ಪನ ಮೇಲಿತ್ತು. ನಳಿಗೆಯೊಳಗೆ ಸೆಳೆಯುವ ಉಸಿರು, ಬಟ್ಟೆ ಕಚ್ಚಿದ ಹಲ್ಲು, ಕಣ್ಣಂಚಿನಿಂದ ಕಿವಿಯ ಕಡೆಗೆ ತಾನಾಗಿ ಇಳಿಯುತ್ತಿದ್ದ ನೀರು. ಅವನು ನೋವು ತಿನ್ನುವುದನ್ನು ಹತ್ತಿರದಿಂದ ನೋಡಿ ಅವಳಿಗೆ ಎಷ್ಟು ಕಾಲವಾಗಿತ್ತೋ. ಅವನು ಹುಡುಗನಾಗಿದ್ದಾಗ ಬೆಳ್ಳಮ್ಮನ ಜಗುಲಿಯಲ್ಲಿ ಬಂದು ಕೂರುತ್ತಿದ್ದವರಲ್ಲಿ, ಹೊಸದಾಗಿ ಮದುವೆಯಾಗಿ ಬಂದಿದ್ದ ಅವಳೂ ಒಬ್ಬಳು.

"ಇಂಗೇ ಅಂತೆಯಾ ದಿನಾ?" ಎಂದು ಮೆಲ್ಲಗೆ ಕೇಳಿದಳು.

"ಇಂಗೇ" ಎಂದಳು ಕೋಮಲಾ. "ಕಮ್ಮಿ ಮಾಡಕ್ಕೆ ಯಾರ ಕೈಲೂ ಆಗಲ್ವಂತೆ." ಆಮೇಲೆ ತನಗೇ ಗೊತ್ತಿಲ್ಲದೆ ಸ್ವಲ್ಪ ಸರಿದು ಜಾಗ ಮಾಡಿದಳು. "ಅಕ್ಕ, ಆ ಕಾಲು ನೀವಿಡ್ಕಳಿ. ಎಲ್ಡೂ ನಂಗಾಗಲ್ಲ."

ಲಕ್ಷ್ಮಿದೇವಮ್ಮ ಅತ್ತ ಇತ್ತ ನೋಡಿದಳು. ಬುತ್ತಿಯ ಗಂಟನ್ನು ಮಂಚದ ಕೆಳಗೆ ತಳ್ಳಿದಳು. ಬಸ್ಸಿನ ಧೂಳು ಹೋಗಲೆಂದು ಕೈಗಳನ್ನು ಸೀರೆಗೆ ಉಜ್ಜಿಕೊಂಡು, ಮಂಚದ ಆಚೆ ಬದಿಗೆ ಬಂದು ಕೂತಳು. ಕಾಲನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡವಳು ಅದರ ಹಗುರಕ್ಕೆ ಬೆಚ್ಚಿ ಕೋಮಲಾಳ ಮುಖ ನೋಡಿದಳು.

ನೋವು ಕಡಿಮೆಯಾಗಲಿಲ್ಲ. ಮಧ್ಯಾಹ್ನದವರೆಗೂ ಬೋರಪ್ಪ ಬಟ್ಟೆ ಕಚ್ಚಿಕೊಂಡೇ ಇದ್ದ. ಇಬ್ಬರು ಹೆಂಗಸರೂ ಕಾಲು ಬಿಟ್ಟು ಏಳಲಿಲ್ಲ.